ಹಳೇ ಕಾರು, ಸಣ್ಣ ನಟ್ಟು



ನಿಜಾಮನ ಹೆಸರು ನೀವು ಕೇಳಿದ್ದೀರಿ. ನಮ್ಮ ಬೀದರ, ಭಾಲ್ಕಿ, ಔರಾದ ಊರುಗಳು 1956ರ ತನಕ ಹೈದರಾಬಾದ ರಾಜ್ಯದಲ್ಲಿ ಇದ್ದವು. ಆ ಹೈದರಾಬಾದ ಪಟ್ಟಣದಲ್ಲಿ ಚಾರ್‌ಮಿನಾರಿನ ಹತ್ತಿರ ಚೌಮಹಲ್ಲಾ ಅರಮನೆ ಇದೆ. ಅಲ್ಲಿ ಒಂದು ಹಳದಿ ಕಾರು ಇದೆ. ಅದರ ಹೆಸರು ರೋಲ್ಸ್ ರಾಯ್ಸ್. 1912ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅದನ್ನು ಹೇಳಿ ಮಾಡಿಸಿದ. ಕಾರು ಬರುವ ಮೊದಲೇ, 1911ರಲ್ಲಿ, ಅವನು ತೀರಿಕೊಂಡ. ಮಗ ಉಸ್ಮಾನ್ ಅಲಿ ಖಾನನ ಪಾಲಿಗೆ ಕಾರು ಬಂತು. ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರ. ದೊಡ್ಡ ಸಮಾರಂಭ ಇದ್ದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಆಮೇಲೆ ಎಷ್ಟೋ ವರ್ಷ ನಿಂತಲ್ಲೇ ನಿಂತಿತು. ಈಗ ಅದನ್ನು ಸರಿಪಡಿಸಿ ಇಟ್ಟಿದ್ದಾರೆ. ಹೈದರಾಬಾದಿಗೆ ಹೋದವರು ಟಿಕೆಟ್ ತೆಗೆಸಿ ನೋಡಬಹುದು. ಧರ್ಮಸ್ಥಳಕ್ಕೆ ಹೋದರೆ ಅಲ್ಲಿಯೂ ಹಳೇ ಕಾರುಗಳ ಸಂಗ್ರಹ ಇದೆ.

ಹಳೇ ಕಾರನ್ನು ಮೊದಲಿನ ಹಾಗೆ ಮಾಡುವುದಕ್ಕೆ ಏನನ್ನಬೇಕು? ಗುಡಿಗೆ ಜೀರ್ಣೋದ್ಧಾರ ಎನ್ನುತ್ತೇವೆ. ಕಾರಿಗೂ ಅದೇ ಮಾತು ಸಾಕು. ಆದರೆ ಗುಡಿಯ ಜೀರ್ಣೋದ್ಧಾರದಲ್ಲಿ ಒಮ್ಮೊಮ್ಮೆ ಏನಾಗುತ್ತದೆ? ಕಲ್ಲಿನ ಕೆತ್ತನೆಯ ಮೇಲೆ ಎಣ್ಣೆ ಬಣ್ಣ ಬಳಿಯುತ್ತಾರೆ. ಗುಡಿ ಮಿಂಚುತ್ತದೆ. ಕೆತ್ತನೆ ಮುಚ್ಚಿ ಹೋಗುತ್ತದೆ. ಕಾರಿನಲ್ಲೂ ಹಾಗೆ ಮಾಡುವವರು ಇದ್ದಾರೆ. ಹೊಸ ಬಣ್ಣ, ಹೊಸ ಸೀಟು, ಹೊಸ ದೀಪ ಹಾಕಿದರೆ ಕಾರು ಚಂದ ಕಾಣುತ್ತದೆ. ಅದು ಹಳೇ ಕಾರು ಮಾತ್ರ ಅಲ್ಲ.

"ಅಕ್ಕಾ, ರಾಜರ ಕಾರಿನ ಸುದ್ದಿ ತೊಗೊಂಡು ನಾವೇನು ಮಾಡೂದು?" ಎಂದು ನೀವು ಕೇಳಬಹುದು.

ರಾಜರದೇ ಕಾರು ಆಗಬೇಕಿಲ್ಲ. ಅಂಬಾಸಿಡರ್ ಕಾರು ನೋಡಿದ್ದೀರಲ್ಲ? 1950ರ ದಶಕದ ಕೊನೆಗೆ ಅದನ್ನು ಮಾಡಲು ಶುರು ಮಾಡಿದರು. 2014ರಲ್ಲಿ ನಿಲ್ಲಿಸಿದರು. ಒಂದು ಹಳೇ ಅಂಬಾಸಿಡರ್, ಒಂದು ಹಳೇ ಜೀಪು ಯಾರದೋ ಹಿತ್ತಲದಾಗ, ಬೇವಿನ ಗಿಡದ ಕೆಳಗೆ ನಿಂತಿರಬಹುದು. ಕೋಳಿ ಅದರೊಳಗೆ ತತ್ತಿ ಇಡುತ್ತಿರಬಹುದು. ಗಂಡಸರು ಹೊಲಕ್ಕೆ ಹೋದಾಗ ಭಂಗಾರದವನು ಬರುತ್ತಾನೆ. "ಯಾಯಿ, ಇದು ತುಕ್ಕು ಹಿಡದದ, ಕಿಲೋ ಲೆಕ್ಕದಾಗ ಕೊಡ್ರಿ" ಎನ್ನುತ್ತಾನೆ. ಬಾಗಿಲ ಹಿಡಿಕೆ, ದೀಪದ ಬಳೆ, ಮುಂದಿನ ಜಾಲರಿ, ಹೆಸರಿನ ಪಟ್ಟಿ ಬಿಚ್ಚಿಕೊಂಡು ಹೋಗುತ್ತಾನೆ. ಅವನ ತಕ್ಕಡಿಯಲ್ಲಿ ಅದು ಬರೀ ಕಬ್ಬಿಣ. ಕಾರು ಸರಿಪಡಿಸುವವನಿಗೆ ಅದೇ ಸಿಗದ ಸಾಮಾನು. ಯಾಕೆಂದರೆ ಅಂಬಾಸಿಡರಿನ ಜಾಲರಿ ಕಾಲಕಾಲಕ್ಕೆ ಬದಲಾಗಿದೆ. ಬೇರೆ ಕಾಲದ ಜಾಲರಿ ಕೂಡಿಸಿದರೆ ತಿಳಿದವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಒಳ್ಳೆಯ ಮಿಸ್ತ್ರಿ ಮೊದಲು ಪಾನಾ ಹಿಡಿಯುವುದಿಲ್ಲ. ಪೆನ್ಸಿಲ್ ಹಿಡಿಯುತ್ತಾನೆ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯುತ್ತಾನೆ. ಬಿಚ್ಚಿದ ಪ್ರತಿಯೊಂದು ನಟ್ಟಿಗೂ ಚೀಟಿ ಕಟ್ಟುತ್ತಾನೆ. "ಎಡ ಬಾಗಿಲು, ಮೇಲಿನ ಕೀಲು" ಎಂದು ಬರೆಯುತ್ತಾನೆ. ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತಾನೆ. ಒಂದು ಕಾರಿನಲ್ಲಿ ಸಾವಿರಾರು ತುಣುಕು ಇರುತ್ತವೆ. ಕೆಲಸ ಮುಗಿಯಲು ಒಂದೆರಡು ವರ್ಷ ಹಿಡಿಯಬಹುದು. ಚೀಟಿ ಇಲ್ಲದಿದ್ದರೆ ಯಾವ ನಟ್ಟು ಎಲ್ಲಿಯದು ಎಂದು ಯಾರಿಗೆ ನೆನಪಿರುತ್ತದೆ?

ನಟ್ಟಿನಲ್ಲೂ ಭೇದ ಇದೆ. ಇಂಗ್ಲೆಂಡಿನ ಹಳೇ ಕಾರಿನ ನಟ್ಟು ಬೋಲ್ಟು ಇಂಚಿನ ಅಳತೆಯವು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಮಿಲಿಮೀಟರ್ ಅಳತೆಯವು. ನೋಡಲು ಒಂದೇ. ಒತ್ತಾಯದಿಂದ ತಿರುಗಿಸಿದರೆ ಸುತ್ತಿನ ಗೆರೆ ಕಿತ್ತು ಹೋಗುತ್ತದೆ. ಸ್ಕ್ರೂ ತಲೆ ನೋಡಿರಿ. ಕೆಲವಕ್ಕೆ ಒಂದೇ ಗೆರೆ ಇರುತ್ತದೆ. ಕೆಲವಕ್ಕೆ ಕೂಡಿಸುವ ಗುರುತು ಇರುತ್ತದೆ. ಕೂಡಿಸುವ ಗುರುತಿನ ಸ್ಕ್ರೂ ಕಾರುಗಳಿಗೆ ಬಂದದ್ದು 1930ರ ದಶಕದಲ್ಲಿ. 1912ರ ಕಾರಿನಲ್ಲಿ ಅದು ಕಂಡರೆ, ಆಮೇಲೆ ಯಾರೋ ಹಾಕಿದ್ದು ಎಂದು ತಿಳಿಯಿರಿ. ಇಷ್ಟು ಕಂಡುಹಿಡಿಯಲು ಇಂಜಿನಿಯರ್ ಬೇಕಾಗಿಲ್ಲ.

ಇನ್ನು ಸೀಟಿನ ಮಾತು. ಇದು ನಿಮ್ಮದೇ ಮಾತು. ಕುಬಸ ಹೊಲಿಸಲು ಹೋಗುವಾಗ ನೀವು ಏನು ಒಯ್ಯುತ್ತೀರಿ? ಅಳತಿ ಕುಬಸ ಒಯ್ಯುತ್ತೀರಿ. ಹಳೇ ಸೀಟಿನ ಚರ್ಮವೇ ಹೊಸ ಸೀಟಿಗೆ ಅಳತಿ ಕುಬಸ. ಅದನ್ನು ಹರಿದು ಬಿಸಾಡಬಾರದು. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಬೇಕು. ಯಾವ ತುಂಡು ಯಾವ ಕಡೆಯದು ಎಂದು ಹಿಂದೆ ಬರೆಯಬೇಕು. ಒಂದು ಇಂಚಿಗೆ ಎಷ್ಟು ಹೊಲಿಗೆ ಇದ್ದವು? ಎಣಿಸಬೇಕು. ಸೂಜಿಯ ತೂತು ಉಳಿದಿರುತ್ತವೆ, ಎಣಿಸಲು ಬರುತ್ತದೆ. ಒಳಗೆ ತುಂಬಿದ್ದು ಕುದುರೆ ಕೂದಲೋ, ತೆಂಗಿನ ನಾರೋ? ಅದನ್ನೂ ಬರೆದಿಡಬೇಕು. ಹೊಲಿಗೆ ಬಲ್ಲ ಹೆಣ್ಣುಮಗಳು ಈ ಕೆಲಸ ಚೆನ್ನಾಗಿ ಮಾಡಬಲ್ಲಳು. ಗ್ಯಾರೇಜು ಗಂಡಸರ ಜಾಗ ಎಂದು ಯಾರು ಹೇಳಿದರು?

ಬೀದರದವರಿಗೆ ಇಂಥ ಸೂಕ್ಷ್ಮ ಹೊಸದಲ್ಲ. ಬಿದರಿ ಕೆಲಸ ನೋಡಿರಿ. ಸತು ಮತ್ತು ತಾಮ್ರ ಕೂಡಿಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಉಳಿಯಿಂದ ಸಣ್ಣ ಗೆರೆ ಕೊರೆಯುತ್ತಾರೆ. ಅದರಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಬದಲಾದರೆ ಕಪ್ಪು ಸರಿಯಾಗಿ ಏರುವುದಿಲ್ಲ ಎಂದು ಕಸಬುದಾರರು ಹೇಳುತ್ತಾರೆ. ಹಳೇ ಬಿದರಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರೆ ಕಪ್ಪು ಹಾಳಾಗುತ್ತದೆ. ಕಾರಿನ ಹಿತ್ತಾಳೆ ದೀಪವನ್ನೂ ಅತಿಯಾಗಿ ತಿಕ್ಕಬಾರದು. ಮೇಲೆ ಕೊರೆದ ಅಕ್ಷರ ಸವೆಯುತ್ತದೆ.

ಅಕ್ಷರ ಅಂದೆ. ಪ್ರತಿಯೊಂದು ಗಾಡಿಗೂ ಒಂದು ಚಾಸಿ ನಂಬರು, ಒಂದು ಇಂಜಿನ್ ನಂಬರು ಇರುತ್ತದೆ. ಲೋಹದಲ್ಲಿ ಒತ್ತಿರುತ್ತಾರೆ. ಆರ್.ಸಿ. ಪುಸ್ತಕದಲ್ಲಿ ಇರುವ ನಂಬರಿಗೆ ಅದು ಹೊಂದಬೇಕು. ತುಕ್ಕು ಹಿಡಿದಿದ್ದರೆ ಉಜ್ಜುಕಲ್ಲು ಹಾಕಬೇಡಿರಿ. ಸೀಮೆ ಎಣ್ಣೆಯ ಬಟ್ಟೆಯಿಂದ ಒರೆಸಿರಿ. ಮೇಲೆ ತೆಳ್ಳನ ಕಾಗದ ಇಟ್ಟು ಪೆನ್ಸಿಲ್ ಆಡಿಸಿರಿ. ನಂಬರು ಕಾಗದದ ಮೇಲೆ ಮೂಡುತ್ತದೆ. ಗಾಡಿ ಕೊಡುವ ಮೊದಲು, ಕೊಳ್ಳುವ ಮೊದಲು ಇದನ್ನು ನೀವೇ ಮಾಡಬಹುದು. ಎರಡು ನಂಬರು ಹೊಂದದಿದ್ದರೆ ಹಣ ಕೊಡಬೇಡಿರಿ, ಹೆಬ್ಬೆಟ್ಟು ಒತ್ತಬೇಡಿರಿ.

2021ರಲ್ಲಿ ಕೇಂದ್ರ ಸರಕಾರ ಹಳೇ ವಾಹನಗಳಿಗೆ ಒಂದು ನಿಯಮ ಮಾಡಿತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಚಾಸಿ, ಮೇಲಿನ ಮೈ, ಇಂಜಿನ್ ಮೊದಲಿನ ಹಾಗೆಯೇ ಇರಬೇಕು. ಅಂಥ ಗಾಡಿಯ ನಂಬರಿನಲ್ಲಿ "ವಿಎ" ಎಂಬ ಎರಡು ಇಂಗ್ಲಿಷ್ ಅಕ್ಷರ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದರ ಅವಧಿ 10 ವರ್ಷ. ಆಮೇಲೆ ಮತ್ತೆ ಮಾಡಿಸಲು 5,000 ರೂಪಾಯಿ. ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ, ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಗೆ, ದುರಸ್ತಿಗೆ ಒಯ್ಯಬಹುದು.

"ನಿಂತ ಗಾಡಿ ಸೀದಾ ಚಾಲೂ ಮಾಡಬಹುದೇನ್ರಿ?"

ಬ್ಯಾಡ್ರಿ. ಬಹಳ ದಿನ ನಿಂತ ಇಂಜಿನ್ ಒಳಗೆ ಒಣಗಿರುತ್ತದೆ. ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಬಿಡುತ್ತಾರೆ. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ಪೆಟ್ರೋಲ್ ಟಾಕಿಯಲ್ಲಿ ತುಕ್ಕು ಇದ್ದರೆ ತೊಳೆಯುತ್ತಾರೆ. ಎಲ್ಲಕ್ಕಿಂತ ಮೊದಲು ಬ್ರೇಕು ನೋಡುತ್ತಾರೆ. ಬ್ರೇಕಿನ ಒಳಗೆ ಬೆರಳ ತುದಿಯಷ್ಟು ಸಣ್ಣ ರಬ್ಬರು ಇರುತ್ತದೆ. ಅದು ಒಣಗಿ ಬಿರುಕು ಬಿಟ್ಟರೆ ಎಣ್ಣೆ ಸೋರುತ್ತದೆ, ಗಾಡಿ ನಿಲ್ಲುವುದಿಲ್ಲ. ಇಂಥ ರಬ್ಬರು ಮಾತ್ರ ಹೊಸದೇ ಹಾಕಬೇಕು. ಹಳೇದು ಉಳಿಸುವ ಹಟ ಇಲ್ಲಿ ಬೇಡ. ಇನ್ನೊಂದು ಮಾತು. ಹಳೇ ಬ್ರೇಕಿನ ಪಟ್ಟಿಯಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಪುಪ್ಪಸಕ್ಕೆ ಬಹಳ ಕೆಟ್ಟದ್ದು. ಊದಬಾರದು, ಕಸಬರಿಗೆಯಿಂದ ಗುಡಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಓದಿರಿ, ಬರೆಯಿರಿ

ಕೆಳಗಿನ ಚೀಟಿಗಳನ್ನು ದುಂಡಗೆ ನಕಲು ಮಾಡಿರಿ.

ಎಡ ಬಾಗಿಲು, ಮೇಲಿನ ಕೀಲು, ಸ್ಕ್ರೂ 3.
ಬಲ ದೀಪ, ಹಿತ್ತಾಳೆ ಬಳೆ 1.
ಹಿಂದಿನ ಸೀಟು, ನಡುವಿನ ತುಂಡು, ಇಂಚಿಗೆ 7 ಹೊಲಿಗೆ.

ಬೀದರದ ಗಾಡಿಗಳ ನಂಬರು ಕೆಎ 38ರಿಂದ ಶುರು ಆಗುತ್ತದೆ. ಭಾಲ್ಕಿಯದು ಕೆಎ 39ರಿಂದ. ನಾಳೆ ಬಸ್ ಸ್ಟ್ಯಾಂಡಿಗೆ ಹೋದಾಗ ಎರಡೂ ಕಡೆಯ ಒಂದೊಂದು ಗಾಡಿ ಹುಡುಕಿರಿ. ಪೂರ್ತಿ ನಂಬರು ಓದಿ ಇಲ್ಲಿ ಬರೆಯಿರಿ.