ಅವಳನ್ನಲ್ಲ, ಆ ಕೈಯನ್ನು ನೋಡಿ

ಮಕ್ಕಳೇ, ನಾನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮೂರ ಬಸ್ಸಿನಲ್ಲಿ ಒಂದೇ ವಾರ ಎರಡು ಸಂಗತಿ ನಡೆದವು. ಸೋಮವಾರ, ಸಂತೆಗೆ ಹೊರಟ ರೈತರೊಬ್ಬರ ಜೇಬು ಕತ್ತರಿಸಿದ್ದರು. ಬಸ್ಸಿಗೆ ಬಸ್ಸೇ ಕಳ್ಳನಿಗೆ ಶಾಪ ಹಾಕಿತು, ಯಾರೋ ಅವರ ಟಿಕೆಟಿಗೆ ದುಡ್ಡು ಕೊಟ್ಟರು. ಶುಕ್ರವಾರ, ನಿಂತಿದ್ದ ಹುಡುಗಿಯೊಬ್ಬಳು ‘ಕೈ ತೆಗಿ’ ಎಂದು ಕೂಗಿದಳು. ಅದೇ ಬಸ್ಸು ಅವಳನ್ನೇ ತಿರುಗಿ ನೋಡಿತು. ‘ಮುಂದೆ ಹೋಗಿ ನಿಲ್ಲಬಾರದಿತ್ತೇನಮ್ಮ?’ ಎಂದರು ಒಬ್ಬ ಹಿರಿಯರು. ಅವಳು ಪುಸ್ತಕಗಳನ್ನು ಎದೆಗವಚಿಕೊಂಡು, ತನ್ನೂರು ಇನ್ನೂ ಎರಡು ಸ್ಟಾಪು ದೂರವಿರುವಾಗಲೇ ಇಳಿದುಬಿಟ್ಟಳು. ನಾನು ಅಲ್ಲೇ ಕೂತಿದ್ದೆ, ತುಟಿ ಬಿಚ್ಚಲಿಲ್ಲ.

ಓದು ಬರಹ ಬಂದರೆ ಹೆಣ್ಣನ್ನೇ ಪ್ರಶ್ನಿಸುವ ಈ ಚಾಳಿ ಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಅದು ಕೋರ್ಟಿನಲ್ಲೂ ಇತ್ತು. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರೊಳಗೇ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾದ ಪ್ರಕರಣದಲ್ಲಿ, 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯವಿಲ್ಲ, ಹಾಗಾಗಿ ಒಪ್ಪಿಗೆಯಿತ್ತು ಎಂಬ ಲೆಕ್ಕ. ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನೇ ಬದಲಾಯಿತು.

ಆದರೂ 2020ರಲ್ಲಿ ನಮ್ಮ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ದೆಹೋದೆ ಎಂದ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಸಾಲಿತ್ತು. ಟೀಕೆ ಎದ್ದ ಮೇಲೆ ಆ ಸಾಲನ್ನು ಕೋರ್ಟೇ ತೆಗೆದುಹಾಕಿತು. ಯಾವುದೋ ಹುಡುಗಿಯ ಬಗ್ಗೆ ನೀವು ವಾಟ್ಸಾಪಿನಲ್ಲಿ ಹಾಕಿದ ಮಾತನ್ನು ಹಾಗೆ ತೆಗೆಯಲಾದೀತೇ? ನೀವು ಅಳಿಸುವಷ್ಟರಲ್ಲಿ ಅದು ಹತ್ತು ಗುಂಪು ಸುತ್ತಿ, ಅವಳ ಅಪ್ಪನ ಫೋನಿಗೇ ಬಂದಿರುತ್ತದೆ.

‘ಆ ಹೊತ್ತಲ್ಲಿ ಅಲ್ಲಿಗೇಕೆ ಹೋದಳು?’ ಎಂದು ಕೇಳುವವರೆಲ್ಲ ಕೆಟ್ಟವರೇನಲ್ಲ. ನಮ್ಮ ಮನೆ ಹುಡುಗಿ ಹಾಗೆಲ್ಲ ಹೋಗುವವಳಲ್ಲ, ಆದ್ದರಿಂದ ಅವಳಿಗೇನೂ ಆಗುವುದಿಲ್ಲ ಎಂಬ ಧೈರ್ಯ ಅವರಿಗೆ ಬೇಕು, ಅಷ್ಟೇ. ಆ ಮನೆಯ ಹುಡುಗಿ ಪಕ್ಕದ ಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಂಡು, ನಾಳೆ ತನಗೇನಾದರೂ ಆದರೆ ಯಾರಿಗೆ ಹೇಳಬಾರದು ಎಂದು ತೀರ್ಮಾನಿಸಿರುತ್ತಾಳೆ.

ಗೆಳತಿಯೊಬ್ಬಳು ಬಂದು ಹೇಳಿಕೊಂಡರೆ ಹೊತ್ತು, ಬಟ್ಟೆ ವಿಚಾರಿಸಬೇಡಿ. ನೀರು ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ. ದೂರು ಕೊಡುತ್ತೇನೆಂದರೆ ಜೊತೆಗೆ ಹೋಗಿ. ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂದು ಕಳಿಸಲು ನೋಡಿದರೆ ಸುಮ್ಮನೆ ಮರಳಿ ಬರಬೇಡಿ. ಮಹಿಳಾ ಸಹಾಯವಾಣಿ 181 ನಿಮ್ಮ ಫೋನಿನಲ್ಲಿರಲಿ, ಹುಡುಗರ ಫೋನಿನಲ್ಲೂ.

ಬಸ್ಸಿನಲ್ಲಿ ಯಾರಾದರೂ ‘ಕೈ ತೆಗಿ’ ಅಂದರೆ, ಆ ಕೈ ಯಾರದು ಎಂದು ನೋಡಿ. ಎದ್ದು ನಿಂತು ನಿಮ್ಮ ಸೀಟು ಅವಳಿಗೆ ಬಿಡಿ. ಅವತ್ತು ನನ್ನದು ಕಿಟಕಿ ಪಕ್ಕದ ಸೀಟು.