ಪೆಟ್ಟು ಹಿಡಿದ ದಾರಿ

ತರಬೇತಿ ವಿಮಾನವೊಂದು ರನ್‌ವೇಗೆ ಧಡ್ ಎಂದು ಬಡಿದು ಇಳಿದು ಹ್ಯಾಂಗರ್‌ಗೆ ಬಂದಾಗ ನಾನು ಮೊದಲು ಟಾರ್ಚ್ ಹಿಡಿಯುವುದಿಲ್ಲ. ಹಾರಿಸಿದವರನ್ನು ಕೂರಿಸಿಕೊಂಡು ಕೇಳುತ್ತೇನೆ: ಮೊದಲು ಯಾವ ಚಕ್ರ ನೆಲ ಮುಟ್ಟಿತು? ಪುಟಿಯಿತೇ? ಪುಟಿದ ಮೇಲೆ ಮೂಗು ಕೆಳಗಾಯಿತೇ? ಗಾಳಿ ಯಾವ ಪಕ್ಕದಿಂದ ಬೀಸುತ್ತಿತ್ತು? ಟ್ಯಾಂಕಿನಲ್ಲಿ ಇಂಧನ ಎಷ್ಟಿತ್ತು? ನನ್ನೂರು ಸಂಪಾಜೆಯಿಂದ ಹೊರಟು ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಿ, ಹಲವು ಫ್ಲೈಯಿಂಗ್ ಸ್ಕೂಲುಗಳಲ್ಲಿ ದುಡಿದ ನನಗೆ ಈ ಕೆಲಸ ಕಲಿಸಿದ್ದು ಇದನ್ನೇ. ಪೆಟ್ಟು ಬಿದ್ದ ಜಾಗ ನೋಡಿದರೆ ಸಾಲದು, ಅದು ಒಳಗೆ ಹಿಡಿದ ದಾರಿಯಲ್ಲಿ ನಾವೂ ಹೋಗಬೇಕು.

ಹಗುರ ವಿಮಾನದ ಲ್ಯಾಂಡಿಂಗ್ ಗೇರ್ ರೂಪಿಸುವಾಗ, ಸೆಕೆಂಡಿಗೆ 7ರಿಂದ 10 ಅಡಿಯಷ್ಟು ವೇಗದಲ್ಲಿ ಕೆಳಗಿಳಿದು ನೆಲ ತಾಗಿದರೂ ತಡೆದುಕೊಳ್ಳಬೇಕೆಂಬ ಲೆಕ್ಕ ಹಿಡಿಯುತ್ತಾರೆ. ಒಳ್ಳೆಯ ಲ್ಯಾಂಡಿಂಗ್‌ನಲ್ಲಿ ಅದು ಎರಡು-ಮೂರು ಅಡಿ ದಾಟುವುದಿಲ್ಲ. ಆದರೆ ಆ ವೇಗ ಇಮ್ಮಡಿಯಾದರೆ ವಿಮಾನ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತರಬೇತಿಗೆ ಬಳಸುವ ಸೆಸ್ನಾ 172ರ ಹಿಂದಿನ ಎರಡು ಕಾಲುಗಳು ಸ್ಪ್ರಿಂಗ್ ಉಕ್ಕಿನವು. ಪೆಟ್ಟು ಬಿದ್ದಾಗ ಅಗಲಕ್ಕೆ ಚಾಚಿ, ಮತ್ತೆ ಮೊದಲಿನಂತೆ ನಿಲ್ಲುತ್ತವೆ. ನೋಡಿದವರಿಗೆ ಏನೂ ಆಗಿಲ್ಲವೆನಿಸುತ್ತದೆ. ಅಷ್ಟರಲ್ಲಿ ಪೆಟ್ಟು ಕಾಲಿನ ಬೋಲ್ಟು ದಾಟಿ, ನೆಲಹಾಸಿನ ಅಡಿಯ ಬಲ್ಕ್‌ಹೆಡ್ ಎಂಬ ಅಡ್ಡ ಚೌಕಟ್ಟಿಗೆ ಹೋಗಿರುತ್ತದೆ. ಸ್ಪ್ರಿಂಗ್ ಹಿಂದಕ್ಕೆ ಕೊಟ್ಟ ಶಕ್ತಿ ವಿಮಾನವನ್ನು ಪುಟಿಸುತ್ತದೆ. ಗಾಬರಿಯಾದ ವಿದ್ಯಾರ್ಥಿ ಕಂಟ್ರೋಲನ್ನು ಮುಂದಕ್ಕೆ ತಳ್ಳಿದರೆ ಮುಂದಿನ ಪೆಟ್ಟು ಮೂಗಿನ ಚಕ್ರಕ್ಕೆ. ಹೆಚ್ಚಿನ ಹಾನಿ ಆಗುವುದು ಈ ಎರಡನೆಯ, ಮೂರನೆಯ ಪೆಟ್ಟಿನಲ್ಲೇ.

ಒಂದು ಸ್ಕೂಲಿನಲ್ಲಿ ಸೋಲೋ ಹೋಗಿದ್ದ ಹುಡುಗಿಯೊಬ್ಬಳು ಬಂದು, "ಸರ್, ಪುಟಿಯಿತು. ಆಮೇಲೆ ನೋಸ್‌ವೀಲೇ ಮೊದಲು ತಾಗಿತು ಅನಿಸುತ್ತೆ" ಎಂದಳು. ಹೊರಗೆ ಏನೂ ಕಾಣಲಿಲ್ಲ. ಟಯರು ಸರಿ, ಮೂಗಿನ ಶಾಕ್ ಸ್ಟ್ರಟ್‌ನಲ್ಲಿ ಎಣ್ಣೆ ಸೋರಿಲ್ಲ, ಪ್ರೊಪೆಲ್ಲರಿನ ತುದಿಯಲ್ಲಿ ಗೀರಿಲ್ಲ. ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವೆ ಫೈರ್‌ವಾಲ್ ಎಂಬ ತೆಳು ಉಕ್ಕಿನ ತಗಡು ಇರುತ್ತದೆ. ಮೂಗಿನ ಚಕ್ರದ ಕಾಲು ಬಂದು ಕೂರುವುದು ಅದರ ಕೆಳಭಾಗದಲ್ಲಿ. ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಬಿಚ್ಚಿಸಿ ಆ ಕಡೆ ನೋಡಿದೆ. ಬಳಿಕ ಒಳಗೆ ಹೋಗಿ, ಕಾರ್ಪೆಟ್ ಸರಿಸಿ, ರಡರ್ ಪೆಡಲುಗಳ ಮುಂದೆ ತಲೆ ತೂರಿಸಿ ಟಾರ್ಚನ್ನು ತಗಡಿಗೆ ಒರಗಿಸಿದಂತೆ ಹಿಡಿದೆ. ನೇರ ಬೆಳಕಿನಲ್ಲಿ ಸಪಾಟಾಗಿದ್ದ ತಗಡಿನ ಮೇಲೆ, ಅಡ್ಡ ಬೆಳಕು ಬಿದ್ದದ್ದೇ, ಸಣ್ಣ ನೆರಳೊಂದು ಎದ್ದಿತು. ಬೆರಳಾಡಿಸಿದರೆ ಸುಕ್ಕು ಕೈಗೆ ಸಿಕ್ಕಿತು. ಆ ವಿಮಾನವನ್ನು ಅಲ್ಲಿಗೇ ನಿಲ್ಲಿಸಿದೆವು. ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ ಎಂಜಿನ್ನನ್ನೂ ಬಿಚ್ಚಬೇಕಿತ್ತು. ಆ ಹೊಡೆತ ನೇರ ಕ್ರ್ಯಾಂಕ್‌ಶಾಫ್ಟ್‌ಗೆ ಹೋಗುತ್ತದೆ.

ರೆಕ್ಕೆಯ ಲೆಕ್ಕವೇ ಬೇರೆ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ, ಅದಕ್ಕೆ ಆಸರೆಯಾದ ಸ್ಟ್ರಟ್ ಜಗ್ಗಿಸಿಕೊಂಡಿರುತ್ತದೆ. ಬಡಿದು ಇಳಿದಾಗ ಎಲ್ಲ ತಿರುಗುಮುರುಗು. ಒಡಲು ಥಟ್ಟನೆ ನಿಂತರೂ ರೆಕ್ಕೆ ಕೆಳಗೆ ಹೋಗುತ್ತಲೇ ಇರುತ್ತದೆ, ಸ್ಟ್ರಟ್ ಅದುಮಿಸಿಕೊಳ್ಳುತ್ತದೆ. ಟ್ಯಾಂಕು ತುಂಬಿದ್ದರೆ ಎರಡೂ ರೆಕ್ಕೆ ಸೇರಿ ಸುಮಾರು 150 ಕೆ.ಜಿ. ಇಂಧನದ ಭಾರ ಜೊತೆಗೆ. ಹಾಗಾಗಿ ಸುಕ್ಕು ಹುಡುಕಬೇಕಾದದ್ದು ರೆಕ್ಕೆಯ ಅಡಿಯ ತಗಡಿನಲ್ಲಿ. ಸ್ಟ್ರಟ್ ಬಾಗಿದೆಯೇ ಎಂದು ಉದ್ದಕ್ಕೂ ಕಣ್ಣು ಹಾಯಿಸಬೇಕು. ಇಂಧನ ಎಷ್ಟಿತ್ತೆಂದು ಮೊದಲೇ ಕೇಳಿದ್ದು ಇದಕ್ಕೇ. ರಿವೆಟ್ ಸಡಿಲಗೊಂಡು ಅಲ್ಲಾಡಿದರೆ ಅದರ ಹಿಂದೆ ಹೊಗೆ ಎಳೆದಂಥ ಕಪ್ಪು ಗೆರೆ ಮೂಡುತ್ತದೆ, ಅಲ್ಯೂಮಿನಿಯಂ ಸವೆದ ಪುಡಿ ಅದು. ಆದರೆ ಪೆಟ್ಟು ಬಿದ್ದ ದಿನವೇ ಆ ಗೆರೆ ಕಾಣದಿರಬಹುದು. ಆಗ ರಿವೆಟ್ ತಲೆಯ ಸುತ್ತ ಬಣ್ಣ ಸೀಳಿದೆಯೇ ನೋಡಬೇಕು. ಕೊನೆಗೆ ಬಾಲ. ಮುಂಭಾಗಕ್ಕೆ ಬಿದ್ದ ಪೆಟ್ಟಿಗೆ ಅದು ಚಾಟಿಯಂತೆ ಬೀಸುವುದರಿಂದ ಅದರ ಜೋಡಣೆಯ ಬೋಲ್ಟುಗಳನ್ನು ಬಿಡುವಂತಿಲ್ಲ.

ಪೆಟ್ಟಿನ ದಾರಿ ಹುಡುಕುವ ಈ ಕಣ್ಣು ಊರಲ್ಲೂ ಒಮ್ಮೆ ಬೇಕಾಯಿತು. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು, ಕರಿಕೆಯ ಕಡೆ ಮೇಲಿಂದ ಮೇಲೆ ನೆಲ ನಡುಗಿತು. ದೊಡ್ಡವು 3ರ ಆಸುಪಾಸಿನ ತೀವ್ರತೆಯವು. 2018ರ ಆಗಸ್ಟ್‌ನಲ್ಲಿ ಹತ್ತಿರದ ಜೋಡುಪಾಲದ ಗುಡ್ಡ ಜರಿದದ್ದನ್ನು ಕಂಡವರಿಗೆ ಅಷ್ಟೇ ಸಾಕಿತ್ತು ನಿದ್ದೆ ಕೆಡಲು. ರಜೆಯಲ್ಲಿ ಊರಿಗೆ ಹೋಗಿದ್ದಾಗ ಪಕ್ಕದ ಮನೆಯವರು, "ನೀನು ವಿಮಾನದ ಬಿರುಕು ನೋಡುವವನಲ್ಲವಾ, ನಮ್ಮ ಗೋಡೆಯನ್ನೂ ಒಮ್ಮೆ ನೋಡು ಮಾರಾಯ" ಎಂದು ಕರೆದರು. ಸೀಳು ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿತ್ತು. ಹಳೆಯ ಸೀಳುಗಳಲ್ಲಿ ಧೂಳು, ಜೇಡರ ಬಲೆ. ಹೊಸದರ ಅಂಚು ಮಾತ್ರ ಚೂಪು, ಒಳಗೆ ಶುಭ್ರ. ವಿಮಾನದಲ್ಲೂ ಒತ್ತಡ ಸೇರುವುದು ಬಾಗಿಲು, ಕಿಟಕಿಗಳ ಮೂಲೆಯಲ್ಲೇ. ಬಾಗಿಲು ಮುಂಚಿನಷ್ಟು ಸಲೀಸಾಗಿ ಮುಚ್ಚದಿದ್ದರೆ ಒಡಲೇ ಸೊಟ್ಟಗಾಗಿರಬಹುದು.

ಕಣ್ಣಿಗೆ ಅನುಮಾನ ಬಂದಲ್ಲಿ ಬಣ್ಣದ ಪರೀಕ್ಷೆ. ಬೋಲ್ಟಿನ ತೂತಿನ ಸುತ್ತ ಪೇಂಟ್ ತೆಗೆದು, ಜಿಡ್ಡು ಒರೆಸಿ, ಕೆಂಪು ದ್ರವ ಹಚ್ಚಿ ಕಾಯುತ್ತೇವೆ. ಅದನ್ನು ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದರೆ, ಬಿರುಕಿನೊಳಗೆ ಇಳಿದ ಕೆಂಪು ಮೆಲ್ಲನೆ ಮೇಲೆ ಬಂದು ಗೆರೆಯಾಗುತ್ತದೆ. ಕಾಯುವ ಹೊತ್ತನ್ನು ಕಡಿತ ಮಾಡಿದರೆ ಪರೀಕ್ಷೆ ಮಾಡಿಯೂ ದಂಡ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸಿದ, 1993ರಲ್ಲಿ ಮೊದಲು ಹಾರಿದ ಹಂಸದಂಥ ಫೈಬರ್ ವಿಮಾನಗಳಲ್ಲಿ ಸುಕ್ಕು, ರಿವೆಟ್‌ಗಳ ಸುಳಿವು ಸಿಗುವುದಿಲ್ಲ. ಪದರಗಳು ಒಳಗೇ ಬಿಟ್ಟುಕೊಂಡಿರಬಹುದು. ನಾಣ್ಯದಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಬೊದ್ದು ಸದ್ದು.

ಆದರೆ ಇದೆಲ್ಲ ಶುರುವಾಗುವುದು ಯಾರಾದರೂ ಬಂದು ಹೇಳಿದರೆ ಮಾತ್ರ. ಆ ಹುಡುಗಿ ಹೇಳದೆ ಹೋಗಿದ್ದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಅದೇ ಸೀಟಿನಲ್ಲಿ ಕೂರುತ್ತಿದ್ದ. ಸ್ನ್ಯಾಗ್, ಅಂದರೆ ವಿಮಾನದ ದೋಷ, ಬರೆದವರನ್ನು ಎಲ್ಲರೆದುರು ಗದರಿಸುವ ಇನ್‌ಸ್ಟ್ರಕ್ಟರುಗಳನ್ನು ಕಂಡಿದ್ದೇನೆ. ಅಂಥ ಕಡೆ ಲಾಗ್‌ಬುಕ್ ಚೊಕ್ಕಟವಾಗಿರುತ್ತದೆ, ವಿಮಾನ ಇರುವುದಿಲ್ಲ. ಲ್ಯಾಂಡಿಂಗ್ ಹೇಗಾಯಿತೆಂಬ ಪಾಠ ಕ್ಲಾಸಿನಲ್ಲಿ ಆಗಲಿ. ಹ್ಯಾಂಗರ್‌ನಲ್ಲಿ ನನಗೆ ಬೇಕಾದದ್ದು ಯಾವ ಚಕ್ರ ಮೊದಲು ತಾಗಿತು ಎಂಬ ಉತ್ತರ. ಅದನ್ನು ಹೇಳಿದವರನ್ನು ಕೌಲಿಂಗ್ ಬಿಚ್ಚುವಾಗ ಪಕ್ಕದಲ್ಲೇ ನಿಲ್ಲಿಸಿಕೊಂಡು, ಸುಕ್ಕು ಸಿಕ್ಕರೆ ಅವರ ಬೆರಳನ್ನೇ ಅದರ ಮೇಲೆ ಇಡಿಸುತ್ತೇನೆ.