ಕಾಲಿಗಿಳಿದ ರಕ್ತ ಮೇಲೇರುವುದು ಹೇಗೆ?

ಒಂದು ಕೈಯನ್ನು ಸ್ವಲ್ಪ ಹೊತ್ತು ಇಳಿಬಿಟ್ಟು ಅಂಗೈಯ ಹಿಂಬದಿಯನ್ನು ನೋಡಿರಿ. ನೀಲಿ ಎಳೆಗಳು ಉಬ್ಬಿರುತ್ತವೆ. ಅದೇ ಕೈಯನ್ನು ತಲೆಯ ಮೇಲಕ್ಕೆ ಎತ್ತಿರಿ, ಎಳೆಗಳು ಇಳಿದುಹೋಗುತ್ತವೆ. ವಾಡಿಕೆಯಲ್ಲಿ ನಾವು ಇವನ್ನು ನರ ಎನ್ನುತ್ತೇವೆ. ನಿಜವಾದ ನರಗಳು ಬೇರೆ. ಇವು ಸಿರೆಗಳು, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳಗಳು.

ಹೃದಯದಿಂದ ಹೊರಡುವ ಧಮನಿಗಳ ಗೋಡೆ ದಪ್ಪ, ಬಿಗಿ. ಸಿರೆಗಳ ಗೋಡೆ ತೆಳು; ತುಂಬಿದಂತೆ ಹಿಗ್ಗುತ್ತದೆ. ಬೆಳೆದವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ; ಅದರಲ್ಲಿ 3 ಲೀಟರಿನಷ್ಟು ಸಿರೆಗಳಲ್ಲೇ ಇರುತ್ತದೆ. ಆದ್ದರಿಂದ ಇವನ್ನು ಬರಿಯ ಕಾಲುವೆ ಎನ್ನುವುದಕ್ಕಿಂತ ಕೆರೆ ಎನ್ನುವುದೇ ಸರಿ. ರಕ್ತದಾನದಲ್ಲಿ 350 ಮಿ.ಲೀ. ಕೊಟ್ಟವರು ಸ್ವಲ್ಪ ಹೊತ್ತು ಮಲಗಿದ್ದು ಎದ್ದು ನಡೆದುಹೋಗುತ್ತಾರಲ್ಲವೆ? ಸಿರೆಗಳು ಬಿಗಿದುಕೊಂಡು ತಮ್ಮಲ್ಲಿ ಕೂಡಿದ್ದುದನ್ನು ಹೃದಯದ ಕಡೆಗೆ ತಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಹಸುವನ್ನು ಕೊಳ್ಳುವಾಗ ಹೊಟ್ಟೆಯ ಕೆಳಗಿನ ದಪ್ಪ ಹಾಲುನರವನ್ನು ಹಿರಿಯರು ಮುಟ್ಟಿ ನೋಡುತ್ತಾರೆ. ಅದರಲ್ಲಿ ಹರಿಯುವುದು ಹಾಲಲ್ಲ. ಕೆಚ್ಚಲಿನಿಂದ ಹೃದಯಕ್ಕೆ ಮರಳುವ ರಕ್ತ. ಅದೂ ಸಿರೆಯೇ.

ಕೆರೆಯ ನೀರು ತಾನಾಗಿ ಮೇಲೇರದು. ನಿಂತ ಮನುಷ್ಯನ ಪಾದದಿಂದ ಎದೆಗೆ ನಾಲ್ಕು ಅಡಿಯಷ್ಟು ಎತ್ತರ. ಹೃದಯದ ಒತ್ತಡ ಸಿರೆಗಳನ್ನು ಮುಟ್ಟುವ ಹೊತ್ತಿಗೆ ಬಹುಮಟ್ಟಿಗೆ ತಗ್ಗಿರುತ್ತದೆ. ಇಲ್ಲಿ ದುಡಿಯುವುದು ಮೀನಖಂಡ. ಹೆಜ್ಜೆ ಹಾಕಿದಾಗಲೆಲ್ಲ ಆ ಮಾಂಸಖಂಡ ಬಿಗಿದು ಒಳಗಿನ ಸಿರೆಯನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ್ದು ಹಿಂದಕ್ಕೆ ಬೀಳದಂತೆ ಸಿರೆಯೊಳಗೆ ಅಲ್ಲಲ್ಲಿ ಕವಾಟಗಳಿವೆ. ಬಾವಿಯ ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸವೇ ಇವುಗಳದ್ದು. ಉಸಿರೆಳೆದಾಗ ಎದೆಯೂ ಒಂದಿಷ್ಟು ರಕ್ತವನ್ನು ಮೇಲಕ್ಕೆ ಸೆಳೆಯುತ್ತದೆ.

ಈ ಕವಾಟಗಳ ಕೆಲಸವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿಕೊಟ್ಟನು. ಅವನ ಪ್ರಯೋಗವನ್ನು ನೀವೂ ಮಾಡಬಹುದು. ಮುಂಗೈಯಲ್ಲಿ ಉಬ್ಬಿದ ಒಂದು ಸಿರೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ಸವರಿ, ಆ ಬೆರಳನ್ನು ತೆಗೆಯಿರಿ. ನಡುವೆ ಕವಾಟವಿದ್ದರೆ ಅದರ ಕೆಳಗಿನ ಭಾಗ ಬರಿದಾಗಿಯೇ ಉಳಿಯುತ್ತದೆ. ಒತ್ತಿದ ಬೆರಳನ್ನೂ ಎತ್ತಿದೊಡನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಮಕ್ಕಳಿಗೂ ತೋರಿಸಿರಿ.

ಇನ್ನು ಮುಖ್ಯ ವಿಷಯ. ಜಾತ್ರೆಯಲ್ಲೋ ಸಾಲಿನಲ್ಲೋ ಅಲುಗಾಡದೆ ಬಹಳ ಹೊತ್ತು ನಿಂತವರು ಒಮ್ಮೊಮ್ಮೆ ತಲೆಸುತ್ತಿ ಬೀಳುತ್ತಾರೆ. ರಕ್ತ ಕಾಲುಗಳಲ್ಲಿ ನಿಂತು ಮಿದುಳಿಗೆ ಸಾಲದಾಗಿರುತ್ತದೆ. ಸುತ್ತಲಿನವರು ಕೂಡಲೆ ಹಿಡಿದೆತ್ತಿ ಕೂರಿಸಿ ಬಾಯಿಗೆ ನೀರು ಹಾಕುವುದುಂಟು. ಇದು ಅಪಾಯ. ಕೂರಿಸಿದರೆ ರಕ್ತ ಮತ್ತೆ ಕೆಳಗಿಳಿಯುತ್ತದೆ; ನೀರು ಉಸಿರಿನ ನಾಳಕ್ಕೆ ಹೋಗಬಹುದು. ನೆಲದ ಮೇಲೆಯೇ ಮಲಗಿಸಿ, ಕಾಲುಗಳನ್ನು ಒಂದಡಿ ಮೇಲೆತ್ತಿ ಹಿಡಿಯಿರಿ, ಜನರನ್ನು ಸರಿಸಿ ಗಾಳಿ ಬಿಡಿರಿ. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ಅಥವಾ ಎದೆನೋವಿದ್ದರೆ 108ಕ್ಕೆ ಕರೆ ಮಾಡಿರಿ. ಉಸಿರಾಟ ನಿಂತಂತೆ ಕಂಡರೆ ಒಂದು ಕ್ಷಣವೂ ಕಾಯಬೇಡಿರಿ.

ಕೆಲವರ ಕಾಲಿನ ಕವಾಟಗಳು ಸಡಿಲವಾಗಿ ಸಿರೆಗಳು ಹಗ್ಗದಂತೆ ಗಂಟುಗಂಟಾಗುತ್ತವೆ. ಅಂಥವರು ರಾತ್ರಿ ಕಾಲಿನಡಿ ದಿಂಬಿಡುವುದು, ನಿಂತು ಮಾಡುವ ಕೆಲಸದ ನಡುವೆ ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದು, ವೈದ್ಯರಿಗೂ ತೋರಿಸಬೇಕು. ಆ ಗಂಟು ಒಡೆದರೆ ರಕ್ತ ಧಾರೆಯಾಗಿ ಸುರಿಯುತ್ತದೆ. ಮೇಲುಗಡೆ ಹಗ್ಗ ಬಿಗಿಯಬೇಡಿರಿ. ಸಿರೆಯ ರಕ್ತ ಹೋಗುವ ದಾರಿ ಮೇಲಕ್ಕಲ್ಲವೆ? ಅದನ್ನು ಕಟ್ಟಿದರೆ ಗಾಯದಿಂದ ಇನ್ನಷ್ಟು ಸುರಿಯುತ್ತದೆ. ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಗಾಯದ ಮೇಲೆಯೇ ಶುಭ್ರ ಬಟ್ಟೆಯಿಟ್ಟು ಒತ್ತಿ ಹಿಡಿದು, ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.